ಆಸ್ಟಿನ್‌ಗೆ ಹೊಸದಾಗಿ ಬಂದೋರೇ, ಕಾರ್ವರ್ ಮ್ಯೂಸಿಯಂಗೆ ಒಂದ್ಸಲ ಹೋಗ್ಬನ್ನಿ

ಇಲ್ಲಿಗೆ ಬಂದಿಳಿದ ನಮ್ಮೋರು ಮೊದಲು ಕೇಳೋದು ದೇವಸ್ಥಾನ ಎಲ್ಲಿ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ. ಸರಿ, ಅದೆಲ್ಲ ಸೆಟ್ ಆದ್ಮೇಲೆ ಒಂದು ಶನಿವಾರ ಏಂಜಲೀನಾ ಸ್ಟ್ರೀಟಲ್ಲಿರೋ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಮ್ಯೂಸಿಯಂ ನೋಡ್ಕೊಂಡು ಬನ್ನಿ. ಕಪ್ಪು ಜನರ (ಆಫ್ರಿಕನ್ ಅಮೆರಿಕನ್ನರ) ಇತಿಹಾಸದ ಮ್ಯೂಸಿಯಂ ಅದು. ಚಿಕ್ಕದು, ಟಿಕೆಟ್ ಇಲ್ಲ, ಸಿಟಿಯವ್ರೇ ನಡೆಸ್ತಾರೆ. ಹೆಸರು ನೋಡಿ ಕಡಲೆಕಾಯಿ ಸಂಶೋಧನೆಗೆ ಹೆಸರಾದ ಕಪ್ಪು ವಿಜ್ಞಾನಿ ಕಾರ್ವರ್ ಅವ್ರ ಮನೆ ಅಂದ್ಕೋಬೇಡಿ, ನಾನು ಹಾಗೇ ಅಂದ್ಕೊಂಡು ಹೋಗಿದ್ದೆ, ಅವ್ರು ಕೆಲಸ ಮಾಡಿದ್ದು ಅಲಬಾಮಾದಲ್ಲಿ.

ಹಳೇ ಕಟ್ಟಡದ ಕತೆಯೇ ಮಜಾ ಇದೆ. 1926ರಲ್ಲಿ ಡೌನ್‌ಟೌನಲ್ಲಿ ಕಟ್ಟಿದ ಲೈಬ್ರರಿ ಅದು, 1933ರಲ್ಲಿ ಅಲ್ಲಿ ದೊಡ್ಡದು ಬಂತು ಅಂತ ಈ ಮರದ ಕಟ್ಟಡಾನ ಎತ್ಕೊಂಡು ಬಂದು ಈಸ್ಟ್ ಆಸ್ಟಿನ್‌ನಲ್ಲಿ ಇಟ್ಟು ಕಪ್ಪು ಜನಕ್ಕೆ ಅಂತ ಬೇರೆ ಲೈಬ್ರರಿ ಮಾಡಿದ್ರು. ಅದೇ 1980ರಲ್ಲಿ ಮ್ಯೂಸಿಯಂ ಆಯ್ತು. ಅವ್ರೆಲ್ಲ ಈ ಕಡೆನೇ ಯಾಕೆ ಇದ್ರು ಅಂದ್ರೆ 1928ರ ಸಿಟಿ ಪ್ಲಾನ್ ನೋಡ್ಬೇಕು, ಅವ್ರ ಸ್ಕೂಲು, ಪಾರ್ಕು ಎಲ್ಲಾ ಪೂರ್ವದ ಕಡೆ ಮಾತ್ರ ಅಂತ ಮಾಡ್ಬಿಟ್ರೆ ಜನ ತಾವೇ ಗಂಟುಮೂಟೆ ಕಟ್ಕೊಂಡು ಹೋಗ್ತಾರಲ್ಲ, ಅದು ಲೆಕ್ಕಾಚಾರ. ಎರಡೂ ಕಡೆ ಬೇರೆ ಮಾಡೋ ಗೆರೆ ಎಲ್ಲಿತ್ತು ಅಂದ್ರೆ ಈಸ್ಟ್ ಅವೆನ್ಯೂ ಅನ್ನೋ ರಸ್ತೆ, ಆಮೇಲೆ ಅದರ ಮೇಲೇ ಐ-35 ಹೈವೇ ಬಂತು, ನಾವು ದಿನಾ ಟ್ರಾಫಿಕ್ಕಲ್ಲಿ ಬೈಕೊಂಡು ನಿಂತಿರ್ತೀವಲ್ಲ, ಅದೇ.

ಜೂನ್ 19ಕ್ಕೆ ಆಫೀಸ್ ರಜಾ ಯಾಕೆ ಅಂತ ಗೊತ್ತಿಲ್ದೇ ಇದ್ರೆ ಜೂನ್‌ಟೀನ್ತ್ ವಿಭಾಗದಲ್ಲಿ ನಿಧಾನವಾಗಿ ನಿಂತು ಓದಿ. ಗುಲಾಮರಿಗೆ ಬಿಡುಗಡೆ ಅನ್ನೋ ಅಧ್ಯಕ್ಷ ಲಿಂಕನ್ ಅವ್ರ ಘೋಷಣೆ ಜಾರಿಯಾಗಿದ್ದು 1863ರ ಜನವರಿ 1ಕ್ಕೆ, ಟೆಕ್ಸಾಸಿನ ಗಾಲ್ವೆಸ್ಟನ್‌ಗೆ ಲಿಂಕನ್ ಕಡೆಯ ಸೈನ್ಯ ಬಂದು ನೀವು ಸ್ವತಂತ್ರರು ಅಂತ ಹೇಳಿದ್ದು 1865ರ ಜೂನ್ 19ಕ್ಕೆ. ಎರಡೂವರೆ ವರ್ಷ ಲೇಟು. ಆ ದಿನಾನೇ ಜೂನ್‌ಟೀನ್ತ್.

ಈಗ ನಾನು ಮಾಡಿದ ಯಡವಟ್ಟು ಹೇಳ್ತೀನಿ, ನೀವು ಮಾಡ್ಬೇಡಿ. ಅಲ್ಲಿ ಒಬ್ರು ವಯಸ್ಸಾದ ಅಮ್ಮ ಮಾತಿಗೆ ಸಿಕ್ಕಿದ್ರು, ನಮ್ಮ ಬಾಯಿ ಸುಮ್ನಿರುತ್ತಾ, "ನಿಮ್ಮ ಮೂಲ ಊರು ಯಾವ್ದು" ಅಂತ ಕೇಳೇಬಿಟ್ಟೆ. ಅವ್ರು ಬೇಜಾರೇನೂ ಮಾಡ್ಕೊಳ್ಲಿಲ್ಲ, 1860ರ ಗುಲಾಮರ ಗಣತಿ ಹೇಗಿರುತ್ತೆ ಅಂತ ಹೇಳಿದ್ರು. ಒಡೆಯನ ಹೆಸರು, ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. 30, ಹೆಣ್ಣು, ಕಪ್ಪು. 4, ಗಂಡು, ಕಪ್ಪು. ಅಷ್ಟೇ, ಹೆಸರಿಲ್ಲ. ಹೆಸರು ಬರೋದು ಗುಲಾಮಗಿರಿ ಮುಗಿದ ಮೇಲೆ, 1870ರ ಗಣತೀಲಿ, ಹಾಗಾಗಿ ಅವ್ರ ಹಿರೀಕರ ಮೂಲಾನ ಅದರಿಂದ ಹಿಂದಕ್ಕೆ ಹುಡುಕೋದು ಬಹಳ ಕಷ್ಟ. ಹಳೇ ಕಟ್ಟಡದಲ್ಲಿ ವಂಶಾವಳಿ ಹುಡುಕೋಕೆ ಅಂತಲೇ ಸೆಂಟರ್ ಯಾಕೆ ಮಾಡಿದ್ದಾರೆ ಅಂತ ನನಗೆ ಆಗ ತಲೆಗೆ ಹೋಯ್ತು. ಗೋತ್ರ, ಮನೆತನ, ಮೂಲ ಊರು ಅಂತ ಸಲೀಸಾಗಿ ಕೇಳೋ ನಾವು ಅಲ್ಲಿ ಸ್ವಲ್ಪ ಬಾಯಿ ಹಿಡ್ಕೋಬೇಕು. ಹಾಗೇ "ಕರಿಯ" ಅನ್ನೋ ಪದ, ಕನ್ನಡ ಯಾರಿಗೂ ಅರ್ಥ ಆಗಲ್ಲ ಅಂತ ಅಲ್ಲಿ ಬಳಸ್ಬೇಡಿ, ಮನೇಲೂ ಬಿಡೋದು ಒಳ್ಳೇದು, ಮಕ್ಕಳು ಸ್ಕೂಲಿಗೆ ಎತ್ಕೊಂಡು ಹೋಗ್ತಾರೆ.

ಮಕ್ಕಳಿದ್ರೆ ಕಪ್ಪು ವಿಜ್ಞಾನಿಗಳ, ಸಂಶೋಧಕರ ವಿಭಾಗಕ್ಕೆ ಮೊದಲು ಕರ್ಕೊಂಡು ಹೋಗಿ, ಇಲ್ಲಾಂದ್ರೆ ಬೋರ್ ಅಂತ ಶುರು ಮಾಡ್ತಾರೆ. ಪ್ರದರ್ಶನಗಳು ಬದಲಾಗ್ತಿರುತ್ತೆ, ಹೊರಡೋ ಮುಂಚೆ ಟೈಮಿಂಗೂ ಒಂದ್ಸಲ ನೋಡ್ಕೊಳ್ಳಿ. ವಾಪಸ್ ಬರ್ತಾ 11ನೇ ಸ್ಟ್ರೀಟಲ್ಲಿ ವಿಕ್ಟರಿ ಗ್ರಿಲ್ ಅಂತಿದೆ, 1945ರಲ್ಲಿ ಯುದ್ಧದಿಂದ ವಾಪಸ್ ಬಂದ ಕಪ್ಪು ಸೈನಿಕರಿಗೆ ಅಂತ ಶುರುವಾದ ಜಾಗ, ಹೊರಗಿಂದನಾದ್ರೂ ನೋಡಿ.