ಸುಣ್ಣದ ನೀರಿನ ಬ್ಯಾರೆಲ್ ಪಕ್ಕದಲ್ಲಿ ಶುರುವಾದ ಚಾನೆಲ್

ಮೈಲುತುತ್ತಿನ (ತಾಮ್ರದ ಸಲ್ಫೇಟ್) ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣದ ನೀರನ್ನು ಮೈಲುತುತ್ತಿನ ನೀರಿಗೆ ಹೊಯ್ಯಬಾರದು. ಮದುವೆಯಾಗಿ ಈ ಮನೆಗೆ ಬಂದ ಮೊದಲ ಮಳೆಗಾಲದಲ್ಲೇ ಮಾವನವರು ನನಗೆ ಇದನ್ನು ಹೇಳಿಕೊಟ್ಟರು. ಅಂದಿನಿಂದ ನಮ್ಮ ಅಡಿಕೆ ತೋಟಕ್ಕೆ ಮಳೆಗಾಲದ ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಕಲೆಸುವವಳು ನಾನೇ. ಯಜಮಾನರೂ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರೂ ಮೇಲಿದ್ದರೆ ಕೆಳಗೆ ಬ್ಯಾರೆಲ್ ಬಳಿ ನಿಂತು ಅಳತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ನನ್ನ ಯೂಟ್ಯೂಬ್ ಚಾನೆಲ್ ಹುಟ್ಟಿದ್ದು ಆ ಬ್ಯಾರೆಲ್ ಪಕ್ಕದಲ್ಲಿ. ನಾನು ಮಾಡಿದ ಅತಿ ದೊಡ್ಡ ತಪ್ಪು ನಡೆದದ್ದೂ ಅಲ್ಲೇ.

2019ರ ಆಗಸ್ಟ್ ಮಳೆಯನ್ನು ಮಲೆನಾಡಿನವರು ಮರೆತಿಲ್ಲ. ಎರಡನೆಯ ಸಲದ ಔಷಧಿ ಹೊಡೆಯಲು ಮಳೆ ಬಿಡುವ ಹೊಳವೇ ಸಿಗದೆ ಆ ವರ್ಷ ನಮ್ಮ ತೋಟದ ಅರ್ಧದಷ್ಟು ಕಾಯಿ ಕೊಳೆತು ಮರದ ಬುಡಕ್ಕೆ ಉದುರಿತು. ಮರುವರ್ಷ ಲಾಕ್‌ಡೌನ್ ಬಂತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಅಣ್ಣನ ಮಗ ಊರಿಗೆ ಬಂದು ತವರುಮನೆಯ ತೋಟಕ್ಕೆ ಇಳಿದ. ಜೂನ್ ಮೊದಲ ವಾರ ಅವನಿಂದ ಫೋನು: "ಅತ್ತೆ, ಯಾವುದನ್ನು ಯಾವುದಕ್ಕೆ ಹೊಯ್ಯಬೇಕು?" ಮೂರು ಸಲ ಬಾಯಲ್ಲಿ ಹೇಳಿದೆ. ನಾಲ್ಕನೆಯ ಸಲ ಹೇಳುವ ಬದಲು ಮೊಬೈಲನ್ನು ಮಗಳ ಕೈಗೆ ಕೊಟ್ಟು, ನಾನು ಕಲೆಸುವುದನ್ನು ಎರಡು ನಿಮಿಷ ಚಿತ್ರಿಸಿ ವಾಟ್ಸ್ಯಾಪಿನಲ್ಲಿ ಕಳುಹಿಸಿದೆ. ಹತ್ತು ದಿನಗಳ ನಂತರ ತೀರ್ಥಹಳ್ಳಿ ಕಡೆಯ ಅಪರಿಚಿತರೊಬ್ಬರು ನಂಬರು ಹುಡುಕಿ ಫೋನ್ ಮಾಡಿದರು. ಅದೇ ವಿಡಿಯೊ ಕೈಯಿಂದ ಕೈಗೆ ಅವರವರೆಗೂ ಹೋಗಿತ್ತು. ಆ ರಾತ್ರಿಯೇ ಅಣ್ಣನ ಮಗ ಫೋನಿನಲ್ಲಿ ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ, ಚಾನೆಲ್ ತೆರೆಯಿತು.

ಚಾನೆಲ್ ತೆರೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಯಾರಿಗಾಗಿ ಮಾತನಾಡುತ್ತಿದ್ದೇನೆ ಎಂಬುದು ಅರ್ಥವಾಗಲು ಒಂದು ವರ್ಷ ಹಿಡಿಯಿತು. ವಾಟ್ಸ್ಯಾಪಿಗೆ ಚಿತ್ರಿಸುವಾಗ ಎದುರಿಗೆ ಅಣ್ಣನ ಮಗನಿದ್ದ, ಅವನ ಪ್ರಶ್ನೆ ಇತ್ತು. ಚಾನೆಲ್ ಎಂದ ಕೂಡಲೇ ನನಗೆ ಟಿವಿ ನೆನಪಾಯಿತು. ಒಳ್ಳೆಯ ಸೀರೆ ಉಟ್ಟು, "ಎಲ್ಲ ವೀಕ್ಷಕರಿಗೂ ನಮ್ಮ ಚಾನೆಲ್‌ಗೆ ಆತ್ಮೀಯ ಸ್ವಾಗತ" ಎಂದು ಶುರುಮಾಡಿ, ಊರಿನ ಪರಿಚಯ, ತೋಟದ ಪರಿಚಯ, ಹಿನ್ನೆಲೆಗೆ ಯಕ್ಷಗಾನದ ಚಂಡೆ ಎಲ್ಲವನ್ನೂ ಸೇರಿಸಿದೆ. ಹೀಗೆ ಹನ್ನೊಂದು ವಿಡಿಯೊ ಹಾಕಿದೆ. ನೋಡಿದವರು ನಮ್ಮ ನೆಂಟರು ಮಾತ್ರ. ಚಂಡೆಯ ಧ್ವನಿಮುದ್ರಿಕೆಗೆ ಹಕ್ಕುದಾರರಿದ್ದ ಕಾರಣ ಎರಡು ವಿಡಿಯೊಗಳ ಮೇಲೆ ಹಕ್ಕುಸ್ವಾಮ್ಯದ ತಕರಾರೂ ಬಂತು. ಅಂದಿನಿಂದ ಸಂಗೀತ ಹಾಕುವುದನ್ನೇ ಬಿಟ್ಟಿದ್ದೇನೆ. ತೋಟದಲ್ಲಿ ಜೀರುಂಡೆ ಇದೆ, ಮಳೆ ಇದೆ, ಹಾಳೆ ಬೀಳುವ ಸದ್ದು ಇದೆ. ನಮ್ಮವರಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಕಣ್ಣು ತೆರೆಸಿದ್ದು ಯೂಟ್ಯೂಬ್ ಸ್ಟುಡಿಯೊ ಆಪ್‌ನಲ್ಲಿರುವ ಒಂದು ಗೆರೆ. ಪ್ರತಿ ವಿಡಿಯೊವನ್ನೂ ಜನ ಎಲ್ಲಿಯವರೆಗೆ ನೋಡಿದರು, ಎಲ್ಲಿ ಬಿಟ್ಟು ಹೋದರು ಎಂಬುದನ್ನು ಅದು ತೋರಿಸುತ್ತದೆ. ನನ್ನ ಎಲ್ಲ ವಿಡಿಯೊಗಳಲ್ಲೂ ಆ ಗೆರೆ ಮೊದಲ ಅರ್ಧ ನಿಮಿಷದಲ್ಲೇ ಬಾವಿಗೆ ಬಿದ್ದಂತೆ ಇಳಿದಿತ್ತು. ನಾನು ಸ್ವಾಗತ ಕೋರಿ ಮುಗಿಸುವಷ್ಟರಲ್ಲಿ ಬಂದವರು ಎದ್ದು ಹೋಗಿರುತ್ತಿದ್ದರು. ಯೋಚಿಸಿದರೆ ನ್ಯಾಯವೇ. ಕೊಳೆ ಬಂದ ಗೊನೆಯನ್ನು ಕೈಯಲ್ಲಿ ಹಿಡಿದು ಮಳೆಯಲ್ಲಿ ನಿಂತವನಿಗೆ ನನ್ನ ಊರಿನ ಪರಿಚಯ ಏಕೆ ಬೇಕು? ಮುಂದಿನ ವಿಡಿಯೊದಲ್ಲಿ ಮುಖವನ್ನೇ ತೋರಿಸಲಿಲ್ಲ. ಚಾಕು ಹಿಡಿದ ಕೈಯಿಂದ ಶುರುಮಾಡಿದೆ: "ದ್ರಾವಣ ಸರಿಯಾಗಿದೆಯೋ ಇಲ್ಲವೋ ಈ ಚಾಕು ಹೇಳುತ್ತದೆ." ತಿಕ್ಕಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಹಾಗೆಯೇ ಹೊಡೆದರೆ ಎಳೆಕಾಯಿ ಸುಡುತ್ತದೆ. ನಾಲ್ಕು ನಿಮಿಷದ ಈ ವಿಡಿಯೊ ಒಂದೇ ತಿಂಗಳಲ್ಲಿ ಹಿಂದಿನ ಹನ್ನೊಂದನ್ನೂ ಮೀರಿಸಿತು.

ಸಾಮಗ್ರಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಮೊದಲ ಎರಡು ವರ್ಷ ಮನೆಯಲ್ಲಿದ್ದ ಮೊಬೈಲು, ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿ ಮಾಡಿದ ಮುಕ್ಕಾಲಿ, ಇಷ್ಟೇ ಇದ್ದದ್ದು. ದುಡ್ಡು ಹಾಕುವುದಾದರೆ ಮೊದಲು ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಸಾವಿರ ರೂಪಾಯಿಯೊಳಗಿನ ಕಾಲರ್ ಮೈಕು ತಂದೆ, ಗಾಳಿಯ ಸದ್ದಿಗೆ ಅದರ ಮೇಲೆ ಸ್ಪಂಜಿನ ಟೋಪಿ ಹಾಕಿದೆ. ಔಷಧಿ ಹೊಡೆಯುವ ಎಂಜಿನ್ ಓಡುವಾಗ ಯಾವ ಮೈಕೂ ನಡೆಯದು. ಆಗ ಚಿತ್ರವನ್ನಷ್ಟೇ ತೆಗೆದುಕೊಂಡು, ಮಾತನ್ನು ರಾತ್ರಿ ಅಡಿಕೆ ಚೀಲ ಒಟ್ಟಿರುವ ಕೋಣೆಯಲ್ಲಿ ಕುಳಿತು ಬೇರೆಯಾಗಿ ಹೇಳುತ್ತೇನೆ. ಗೋಣಿಚೀಲಗಳು ಪ್ರತಿಧ್ವನಿಯನ್ನೆಲ್ಲ ನುಂಗಿಬಿಡುತ್ತವೆ. ತೋಟದೊಳಗೆ ಬೆಳಕಿನದು ಇನ್ನೊಂದು ತೊಂದರೆ: ಮೇಲೆ ಆಕಾಶ ಬಿಳಿ, ಕೆಳಗೆ ನೆರಳು, ಮೊಬೈಲಿಗೆ ಗೊಂದಲ. ಪರದೆಯ ಮೇಲೆ ಯಾವ ವಸ್ತು ಸ್ಪಷ್ಟವಾಗಿ ಕಾಣಬೇಕೋ ಅದರ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು ಅಲ್ಲಿಗೇ ನಿಲ್ಲುತ್ತದೆ. ಇದನ್ನು ಕಲಿಯುವ ಮೊದಲು ತೆಗೆದ ವಿಡಿಯೊಗಳಲ್ಲಿ ನನ್ನ ಮುಖ ಇದ್ದಿಲಿನಂತೆ ಕಾಣುತ್ತದೆ.

ಇನ್ನು ಹೆಸರಿಡುವ ವಿಚಾರ. ನನ್ನ ಮಟ್ಟಿಗೆ ಚಾನೆಲ್ ಬೆಳೆದ ಗುಟ್ಟು ಬಹುಪಾಲು ಇಲ್ಲೇ ಇದೆ. ನಾವು ಕೊಳೆ ಎನ್ನುವುದಕ್ಕೆ ದಕ್ಷಿಣ ಕನ್ನಡದಲ್ಲಿ ಮಹಾಳಿ ಎನ್ನುತ್ತಾರೆ. ನಾವು ಅಡಿಕೆ ತೋಟ ಎಂದರೆ ಅಲ್ಲಿ ಕಂಗಿನ ತೋಟ ಎಂಬ ಮಾತೂ ಇದೆ. ಕೆಲವರು ಅಡಿಕೆ ಎಂದು ಬರೆದರೆ ಕೆಲವರು ಅಡಕೆ ಎಂದು ಬರೆಯುತ್ತಾರೆ. ಬಹಳ ಜನ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಹುಡುಕುತ್ತಾರೆ, ಇನ್ನು ಕೆಲವರು ಮೊಬೈಲಿಗೆ ಬಾಯಲ್ಲೇ ಹೇಳುತ್ತಾರೆ. ಯಾವ ಪದ ಹುಡುಕಿ ನನ್ನ ವಿಡಿಯೊಗೆ ಬಂದರು ಎಂಬ ಪಟ್ಟಿಯೂ ಸ್ಟುಡಿಯೊದಲ್ಲಿ ಸಿಗುತ್ತದೆ. ವಾರಕ್ಕೊಮ್ಮೆ ಅದನ್ನು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಕೊಳೆ ತರುವ ರೋಗಾಣುವಿಗೆ ಪುಸ್ತಕದಲ್ಲಿರುವ ಹೆಸರನ್ನು ನೆನಪಿಟ್ಟುಕೊಂಡು "ಫೈಟಾಫ್ತೊರಾ ನಿರ್ವಹಣೆ" ಎಂದು ನಾನು ಹೆಸರಿಟ್ಟ ವಿಡಿಯೊಗೆ ಯಾರೂ ಬಂದಿರಲಿಲ್ಲ. ಅದೇ ವಿಡಿಯೊಗೆ "ಎಳೆ ಅಡಿಕೆ ಉದುರುತ್ತಿದೆ, ಕೊಳೆ (ಮಹಾಳಿ) ಇರಬಹುದೇ?" ಎಂದು ಹೆಸರು ಬದಲಿಸಿದ ಮೇಲೆ ಪುತ್ತೂರು, ಸುಳ್ಯ ಕಡೆಯಿಂದ ಪ್ರಶ್ನೆಗಳು ಬರತೊಡಗಿದವು. ಒಳಗಿನ ವಿಡಿಯೊದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ರೋಗದ ಹೆಸರು ಗೊತ್ತಿದ್ದವನು ಹೆಸರನ್ನು ಹುಡುಕುತ್ತಾನೆ, ಗೊತ್ತಿಲ್ಲದವನು ಕಣ್ಣಿಗೆ ಕಂಡದ್ದನ್ನು ಹುಡುಕುತ್ತಾನೆ.

ಹೀಗೆ ನೋಡುಗರು ಬೆಳೆದಂತೆ, ಅವರೆಲ್ಲ ಒಂದೇ ಬಗೆಯವರಲ್ಲ ಎಂಬುದೂ ತಿಳಿಯಿತು. ಚನ್ನಗಿರಿ ಕಡೆಯ ಬಯಲುಸೀಮೆಯ ಬೆಳೆಗಾರರಿಗೆ ಕೊಳೆಯ ಭಯ ನಮ್ಮಷ್ಟಿಲ್ಲ, ಅವರ ಚಿಂತೆ ಬೇಸಿಗೆಯ ನೀರಿನದು. ಅವರಿಗೆ ಉತ್ತರ ಕೊಡುವಷ್ಟು ಅನುಭವ ನನಗಿಲ್ಲ, ಹಾಗೆಂದೇ ಹೇಳುತ್ತೇನೆ. ಎಲೆಚುಕ್ಕಿ ರೋಗ ನಮ್ಮ ಭಾಗದಲ್ಲಿ ಜೋರಾದಾಗ ದಿನಕ್ಕೆ ಹತ್ತಾರು ಫೋಟೊ ಬರುತ್ತಿದ್ದವು. ಆಗಲೂ ನಾನು ಔಷಧಿಯ ಹೆಸರು ಹೇಳಲಿಲ್ಲ. ವಿಟ್ಲದಲ್ಲಿ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಕೇಂದ್ರವಿದೆ, ತಾಲ್ಲೂಕಿನಲ್ಲಿ ತೋಟಗಾರಿಕೆ ಇಲಾಖೆ ಇದೆ, ಅಲ್ಲಿ ಕೇಳಿ ಎಂದೆ. ಇದರಿಂದ ಜನ ಬಿಟ್ಟು ಹೋಗುತ್ತಾರೆ ಎಂದು ಮಗಳು ಹೆದರಿದ್ದಳು. ಯಾರೂ ಹೋಗಲಿಲ್ಲ.

ವಿಡಿಯೊ ಹಾಕಲು ವಾರಕ್ಕೆ ಎರಡು, ಮೂರು ಎಂಬ ಲೆಕ್ಕವನ್ನು ನಾನು ಇಟ್ಟುಕೊಂಡಿಲ್ಲ. ತೋಟದ ಪಂಚಾಂಗವೇ ಚಾನೆಲ್ಲಿನ ಪಂಚಾಂಗ. ಮುಂಗಾರಿಗೆ ಮೊದಲು ಒಮ್ಮೆ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಔಷಧಿ ಹೊಡೆಯುತ್ತೇವೆ. ಆದ್ದರಿಂದ ಮೇ ಮಧ್ಯದಲ್ಲಿ ದ್ರಾವಣದ ವಿಡಿಯೊ, ಜುಲೈನಲ್ಲಿ ಬಸಿಗಾಲುವೆ, ಮಳೆ ಕಳೆದ ಮೇಲೆ ಕೊಯ್ಲು, ಸುಲಿಯುವುದು, ಅಡಿಕೆಗೆ ಬಣ್ಣ ಕೊಡುವ ಚೊಗರು, ಬೇಯಿಸುವುದು, ಒಣಗಿಸುವುದು, ಬೇಸಿಗೆಗೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಮತ್ತು ದರಕು, ಅಂದರೆ ಒಣಗಿದ ಎಲೆ. ಕೆಲಸ ಬರುವುದಕ್ಕೆ ಎರಡು ವಾರ ಮೊದಲೇ ವಿಡಿಯೊ ಸಿದ್ಧವಿರಬೇಕು. ಕೆಲಸದ ದಿನವೇ ಹಾಕಿದರೆ ತಡವಾಯಿತು, ಬೆಳೆಗಾರ ಆಗ ಮೊಬೈಲ್ ನೋಡುತ್ತಾ ಕೂರುವುದಿಲ್ಲ. ಹಾಗಾಗಿ ಈ ವರ್ಷದ ಮಳೆಗಾಲದಲ್ಲಿ ತೆಗೆದ ಚಿತ್ರಗಳನ್ನು ಎತ್ತಿಟ್ಟು ಮುಂದಿನ ಮೇ ತಿಂಗಳಲ್ಲಿ ಬಳಸುತ್ತೇನೆ. ಇಂತಹ ವಿಡಿಯೊಗಳು ವರ್ಷ ಕಳೆದರೂ ಹಳತಾಗುವುದಿಲ್ಲ. ಚಾಕುವಿನ ವಿಡಿಯೊ ಪ್ರತಿ ಜೂನ್‌ನಲ್ಲಿ ತಾನಾಗಿ ಮತ್ತೆ ಏಳುತ್ತದೆ, ಮಳೆಗೆ ಒರತೆ ಎದ್ದಂತೆ.

ಈಗ ತಪ್ಪಿನ ವಿಚಾರ. 2021ರಲ್ಲಿ ದ್ರಾವಣ ತಯಾರಿಸುವ ಪೂರ್ತಿ ವಿಧಾನದ ವಿಡಿಯೊ ಮಾಡಿದೆ. ಒಂದು ಕಿಲೊ ಮೈಲುತುತ್ತು ಐವತ್ತು ಲೀಟರ್ ನೀರಿಗೆ, ಒಂದು ಕಿಲೊ ಸುಣ್ಣ ಅರಳಿಸಿ ಐವತ್ತು ಲೀಟರ್ ನೀರಿಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ, ಕಬ್ಬಿಣದ ಪಾತ್ರೆ ಕೂಡದು, ಕಲೆಸಿದ್ದನ್ನು ಅದೇ ದಿನ ಮುಗಿಸಬೇಕು. ಮಾತಿನಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಜೋಡಿಸುವಾಗ ಚಿತ್ರ ಅಂದವಾಗಿ ಕಾಣಲಿ ಎಂದು ನೀಲಿ ನೀರು ತುಂಬಿದ ಡ್ರಮ್ಮನ್ನು ತೋರಿಸಿ, ಅದರ ಬೆನ್ನಿಗೇ ಸುಣ್ಣದ ನೀರು ಹೊಯ್ಯುವ ತುಣುಕನ್ನು ಇಟ್ಟಿದ್ದೆ. ನೋಡಿದರೆ ಸುಣ್ಣವನ್ನು ಮೈಲುತುತ್ತಿಗೆ ಹೊಯ್ದಂತೆಯೇ ಕಾಣುತ್ತಿತ್ತು. ಅದು ನನ್ನ ಚಾನೆಲ್ಲಿನಲ್ಲೇ ಅತಿ ಹೆಚ್ಚು ನೋಡಿದ ವಿಡಿಯೊ ಆಯಿತು, 60,000 ದಾಟಿತು.

ಮರುವರ್ಷ ಜೂನ್‌ನಲ್ಲಿ ಒಂದು ಸಂಜೆ ಹಿರಿಯರೊಬ್ಬರು ಫೋನ್ ಮಾಡಿದರು. ಅವರಿಗೆ ಕಿವಿ ಮಂದ. ವಿಡಿಯೊದಲ್ಲಿ ಕಂಡಂತೆ ಮಾಡಿದ್ದರು. ದ್ರಾವಣ ಒಡೆದು ತರಿತರಿಯಾಗಿ, ನಾಜಲ್ ಕಟ್ಟಿಕೊಂಡು, ಆಳುಗಳ ಅರ್ಧ ದಿನದ ಕೂಲಿ ಹಾಳಾಗಿತ್ತು. ಹೊಡೆದಷ್ಟೂ ಕಾಯಿಗೆ ಅಂಟದೆ ಮಳೆಗೆ ತೊಳೆದು ಹೋಗಿತ್ತು. ಅವರು ಬಯ್ಯಲಿಲ್ಲ. "ತಂಗಿ, ನೀನು ಹೀಗೆಯೇ ಮಾಡುತ್ತೀಯಾ?" ಎಂದು ಕೇಳಿದರು. ನನಗೆ ಮಾತು ಹೊರಡಲಿಲ್ಲ. ಮಾವನವರು ಮೊದಲ ಮಳೆಗಾಲದಲ್ಲೇ ಹೇಳಿಕೊಟ್ಟ ಮಾತನ್ನು ನಾನು ಅಷ್ಟು ಸಾವಿರ ಜನರಿಗೆ ತಿರುಗಿಸಿ ತೋರಿಸಿದ್ದೆ.

ಯೂಟ್ಯೂಬಿನಲ್ಲಿ ಒಮ್ಮೆ ಏರಿಸಿದ ವಿಡಿಯೊವನ್ನು ಅದೇ ಜಾಗದಲ್ಲಿಟ್ಟು ಬದಲಿಸಲು ಬರುವುದಿಲ್ಲ. ಬೇಡದ ತುಂಡನ್ನು ಕತ್ತರಿಸಬಹುದು, ಹೊಸ ತುಂಡನ್ನು ಸೇರಿಸಲಾಗದು. ಕೆಳಗೆ ಒಂದು ಸಾಲಿನ ತಿದ್ದುಪಡಿ ಬರೆದರೆ ಸಾಕು ಎಂದು ಕೆಲವರು ಸಲಹೆ ಕೊಟ್ಟರು. ನಾನು ಆ ರಾತ್ರಿಯೇ ಆ ವಿಡಿಯೊವನ್ನು ಚಾನೆಲ್ಲಿನಿಂದ ತೆಗೆದುಹಾಕಿದೆ. ಮರುದಿನ ಬೆಳಿಗ್ಗೆ ಹೊಸದಾಗಿ ದ್ರಾವಣ ಕಲೆಸಿ, ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿದೆ. ಏನು ತಪ್ಪಾಗಿತ್ತು, ಯಾರ ತಪ್ಪು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ ಕ್ಷಮೆ ಕೇಳಿದೆ. ಆ ಹಿರಿಯರಿಗೆ ಆಳುಗಳ ಕೂಲಿಯನ್ನು ಯಜಮಾನರೇ ಹೋಗಿ ಕೊಟ್ಟು ಬಂದರು. ಅವರು ಬೇಡವೆಂದರೂ ಒತ್ತಾಯ ಮಾಡಿ ಕೊಡಬೇಕಾಯಿತು. ಅಂದಿನಿಂದ ಎರಡು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಅಳತೆಯೋ ಕ್ರಮವೋ ಇರುವ ಕೆಲಸವನ್ನು ತುಣುಕು ಮಾಡಿ ಜೋಡಿಸುವುದಿಲ್ಲ. ಏರಿಸುವ ಮೊದಲು ಪ್ರತಿ ವಿಡಿಯೊವನ್ನೂ ಒಮ್ಮೆ ಸದ್ದು ಪೂರ್ತಿ ಆರಿಸಿ ನೋಡುತ್ತೇನೆ.

ದುಡ್ಡಿನ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ದೊಡ್ಡ ವಿಡಿಯೊಗಳ ದಾರಿಯಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು ಹಿಂದಿನ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಒಬ್ಬರು ಸರಾಸರಿ ನಾಲ್ಕು ನಿಮಿಷ ನೋಡುತ್ತಾರೆ ಎಂದುಕೊಂಡರೆ 60,000 ಸಲ ನೋಡಬೇಕು. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಒಂದು ಪಿನ್ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, 100 ಡಾಲರ್ ಮುಟ್ಟಿದ ಮೇಲೆ ದುಡ್ಡು ಬ್ಯಾಂಕಿಗೆ ಬರುತ್ತದೆ. ಹಳ್ಳಿಯ ವಿಳಾಸವನ್ನು ಅಂಚೆಯಣ್ಣನಿಗೆ ಗೊತ್ತಾಗುವಂತೆ ಮನೆಯ ಹೆಸರು ಸಹಿತ ಬರೆಯಿರಿ. ನನ್ನ ಮೊದಲ ಕಾಗದ ಬರಲೇ ಇಲ್ಲ. ಈಗ ಬರುವ ದುಡ್ಡಿನಲ್ಲಿ ವರ್ಷದ ಮೈಲುತುತ್ತು, ಸುಣ್ಣದ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ. ಔಷಧಿ ಮಾರುವವರು ಒಮ್ಮೆ ಇಡೀ ವರ್ಷದ ಆ ಗಳಿಕೆಗಿಂತ ಹೆಚ್ಚು ಕೊಡುತ್ತೇವೆ, ನಮ್ಮ ಬಾಟಲಿ ತೋರಿಸಿ ಎಂದರು. ಒಂದು ಮಳೆಗಾಲ ನಮ್ಮ ತೋಟದಲ್ಲಿ ಬಳಸಿ ನೋಡಿದ ಮೇಲೆ ಮಾತನಾಡುತ್ತೇನೆ ಎಂದೆ. ಮತ್ತೆ ಅವರ ಸುದ್ದಿಯಿಲ್ಲ.

ಶಾರ್ಟ್ಸ್ ಬಗ್ಗೆ ಒಂದು ಮಾತು. ಫೈಬರಿನ ಉದ್ದನೆಯ ಕೋಲಾದ ದೋಟಿಯಲ್ಲಿ ನೆಲದ ಮೇಲೆ ನಿಂತೇ ಗೊನೆ ಇಳಿಸುವ ನಲವತ್ತು ಸೆಕೆಂಡಿನ ತುಣುಕು ಹಾಕಿದಾಗ ಚಂದಾದಾರರು ಮಳೆಹುಳುಗಳಂತೆ ಬಂದರು. ಅವರಲ್ಲಿ ಹೆಚ್ಚಿನವರಿಗೆ ತೋಟವೇ ಇರಲಿಲ್ಲ, ಮುಂದಿನ ದೊಡ್ಡ ವಿಡಿಯೊವನ್ನು ಅವರು ನೋಡಲೂ ಇಲ್ಲ. ಆ ಶಾರ್ಟ್ಸ್ ವೀಕ್ಷಣೆ 4,000 ಗಂಟೆಯ ಲೆಕ್ಕಕ್ಕೂ ಸೇರುವುದಿಲ್ಲ. ನಾನು ಆ ದಾರಿ ಹಿಡಿಯಲಿಲ್ಲ.

ಕಳೆದ ಮೇ ಕೊನೆಯಲ್ಲಿ ಕೊಪ್ಪದ ಕಡೆಯ ಹೆಣ್ಣುಮಗಳೊಬ್ಬಳು ವಿಡಿಯೊ ಕರೆ ಮಾಡಿದಳು. ಬ್ಯಾರೆಲ್ ಪಕ್ಕದಲ್ಲೇ ನಿಂತಿದ್ದಳು, ಹಿಂದೆ ಮೋಡ ಕಪ್ಪಾಗಿತ್ತು. "ಅಕ್ಕ, ಚಾಕು ಕೆಂಪಾಗಿದೆ. ಈಗ ಎಷ್ಟು ಸುಣ್ಣ ಹಾಕಲಿ?" ಅಳತೆ ಇಲ್ಲ, ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ದು, ಕಲಕಿ, ಚಾಕು ತಿಕ್ಕಿ ಮತ್ತೆ ಅದ್ದು ಎಂದೆ. ಎರಡನೆಯ ಸಲವೂ ಕೆಂಪು. ಮೂರನೆಯ ಸಲ ಅಲಗನ್ನು ಕ್ಯಾಮೆರಾದ ಹತ್ತಿರ ತಂದಳು, ಬೆಳ್ಳಗೆ ಹೊಳೆಯುತ್ತಿತ್ತು. ಕರೆ ಮುಗಿಸಿ ಚಾಕುವಿನ ಹಳೆಯ ವಿಡಿಯೊವನ್ನು ಮತ್ತೊಮ್ಮೆ ನೋಡಿದೆ. ಕೆಂಪಾದರೆ ಸುಣ್ಣ ಸಾಲದು ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ್ದೇನೆ, ಆಮೇಲೆ ಏನು ಮಾಡಬೇಕು ಎಂದು ತೋರಿಸಿಲ್ಲ. ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ವಿಡಿಯೊದ ಹೆಸರು ಅದೇ.