ಅಂಡಾಶಯದ ಮೇಲಿನ ಗಂಟುಗಳನ್ನು ಎಣಿಸಿದ್ದು

ಲಸಿಕೆ ಹಾಕಿದರೆ ಬಸಿರಾಗುವುದಕ್ಕೆ ತೊಂದರೆ ಆಗುತ್ತದಾ? ಈ ಪ್ರಶ್ನೆಗೆ ಹೆಣ್ಣಿಲಿಗಳಲ್ಲಿ ಉತ್ತರ ಹುಡುಕುವುದು ನನ್ನ ಕೆಲಸ. ಚುಚ್ಚುಮದ್ದು ಕೊಟ್ಟು ಮರಿ ಎಣಿಸಿದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಮರಿಗಳಲ್ಲ, ಅಂಡಾಶಯದ ಮೇಲಿನ ಪುಟ್ಟ ಗಂಟುಗಳು.

ಗಂಡಿನ ಜೊತೆ ಬಿಡುವ ಮೊದಲೇ ಲಸಿಕೆ ಶುರು ಮಾಡುತ್ತೇವೆ. ಬಸಿರಾಗುವ ಹೊತ್ತಿಗೆ ರಕ್ತದಲ್ಲಿ ಪ್ರತಿಕಾಯಗಳು ಇರಬೇಕಲ್ವಾ? ಸಾಧ್ಯವಾದರೆ ಮನುಷ್ಯರಿಗೆ ಕೊಡುವ ಪೂರ್ತಿ ಡೋಸನ್ನೇ ಕೊಡುತ್ತೇವೆ.

ಇಲಿ 4-5 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದನ್ನು ತಿಳಿಯಲು ದಿನಾ ಬೆಳಿಗ್ಗೆ ಯೋನಿಯಿಂದ ಒಂದು ಹನಿ ತೆಗೆದು ಸ್ಲೈಡ್ ನೋಡಬೇಕು. ಶುರುವಿನಲ್ಲಿ ನಾನು ಪಿಪೆಟ್ಟನ್ನು ಸ್ವಲ್ಪ ಒಳಗೆ ಹಾಕಿಬಿಡುತ್ತಿದ್ದೆ. ಗರ್ಭಕೋಶದ ಬಾಯಿಗೆ ತಾಗಿದರೆ ಇಲಿಗೆ ಸುಳ್ಳು ಬಸಿರು ಬರಬಹುದು, ಆಗ ಸುಮಾರು ಎರಡು ವಾರ ಬೆದೆ ನಿಂತುಹೋಗುತ್ತದೆ. ಲಸಿಕೆ ಹಾಕದ ಗುಂಪಿನಲ್ಲೂ ಹೀಗೆ ಆದಾಗಲೇ ತಪ್ಪು ನನ್ನ ಕೈಯದು ಅಂತ ಗೊತ್ತಾಗಿದ್ದು.

ಸ್ಲೈಡಿನಲ್ಲಿ ವೀರ್ಯಾಣು ಕಂಡ ದಿನ ಬಸಿರಿನ ಸೊನ್ನೆಯ ದಿನ. 20 ಅಥವಾ 21ನೇ ದಿನ ಗರ್ಭಕೋಶ ತೆರೆಯುತ್ತೇವೆ. ಮೊಟ್ಟೆ ಹೊರಬಿದ್ದ ಪ್ರತಿ ಜಾಗದಲ್ಲೂ ಅಂಡಾಶಯದ ಮೇಲೆ ಒಂದು ಗಂಟು ಉಳಿದಿರುತ್ತದೆ, ಅದೇ ಕಾರ್ಪಸ್ ಲೂಟಿಯಂ. ಗಂಟು 14, ಗರ್ಭಕೋಶಕ್ಕೆ ಅಂಟಿದ ಭ್ರೂಣ 12 ಅಂದರೆ, ಎರಡು ಅಂಟುವ ಮೊದಲೇ ಹೋಗಿವೆ ಅಂತ ಲೆಕ್ಕ.

ಒಂದು ಅಧ್ಯಯನದಲ್ಲಿ ಈ ನಷ್ಟ ಲಸಿಕೆ ಹಾಕಿದ ಗುಂಪಿನಲ್ಲಿ ಜಾಸ್ತಿ ಬಂತು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ದಿನಚರಿ ಪುಸ್ತಕ ತೆರೆದು ನೋಡಿದೆ. ಲಸಿಕೆ ಹಾಕದ ಇಲಿಗಳನ್ನೆಲ್ಲ ಬೆಳಿಗ್ಗೆಯೇ ಎಣಿಸಿ ಮುಗಿಸಿದ್ದೆ, ಲಸಿಕೆಯ ಗುಂಪು ಸಂಜೆಗೆ ಬಿದ್ದಿತ್ತು. ಕಣ್ಣು ದಣಿದಾಗ ಮೊಟ್ಟೆ ಬೆಳೆಯುವ, ನೀರು ತುಂಬಿದ ಕೋಶಕವೂ ಗಂಟಿನ ಹಾಗೇ ಕಾಣುತ್ತದೆ. ಕಡಿಮೆ ಎಣಿಸಿದರೆ ಎಷ್ಟೋ ಸಲ ಸಿಕ್ಕಿಬೀಳುತ್ತೇವೆ, ಏಕೆಂದರೆ ಅಂಟಿದವು ಗಂಟುಗಳಿಗಿಂತ ಜಾಸ್ತಿ ಬರುತ್ತವೆ. ಜಾಸ್ತಿ ಎಣಿಸಿದರೆ ಎಚ್ಚರಿಸುವುದು ಏನೂ ಇಲ್ಲ. ಸುಮ್ನೆ ನಷ್ಟ ಏರುತ್ತದೆ.

ಅಂಡಾಶಯಗಳನ್ನು ಕೆಡದಂತೆ ಫಾರ್ಮಲಿನ್‌ನಲ್ಲಿ ಇಟ್ಟಿದ್ದು ನಮ್ಮ ಪುಣ್ಯ. ಗುಂಪು ಯಾವುದೆಂದು ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರು ಬರೀ ನಂಬರ್ ನೋಡಿ ಮತ್ತೆ ಎಣಿಸಿದರು. ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಯಿತು. ಆಮೇಲೆ ಎರಡೂ ಗುಂಪಿನ ಇಲಿಗಳನ್ನು ಬೆರೆಸಿಯೇ ಮೇಜಿಗೆ ತರುತ್ತೇವೆ.

ಫೈಜರ್ ಕೋವಿಡ್ ಲಸಿಕೆಯ ಇಲಿ ಅಧ್ಯಯನದಲ್ಲೂ ಇದೇ ನಷ್ಟ ಲಸಿಕೆಯ ಗುಂಪಿನಲ್ಲಿ 9.77%, ಲಸಿಕೆ ಹಾಕದ ಗುಂಪಿನಲ್ಲಿ 4.09% ಇತ್ತು. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಹಿಂದಿನ ಅಧ್ಯಯನಗಳ, ಲಸಿಕೆಯನ್ನೇ ಕಾಣದ ಇಲಿಗಳಲ್ಲಿ ಅದು 5.1%ರಿಂದ 11.5%ರವರೆಗೆ ಇತ್ತು. ಹಳೆಯ ಲೆಕ್ಕ ಪಕ್ಕದಲ್ಲಿ ಇಲ್ಲದೆ ಇಂಥ ಅಂಕಿಯನ್ನು ಓದಬಾರದು. ಇದನ್ನು ನಾನು ಕಿರಿಯರಿಗೆ ಮೊದಲ ದಿನವೇ ಹೇಳುತ್ತೇನೆ.

ಇನ್ನೊಂದು ಮಾತು ಅವರಿಗೆ ತಪ್ಪದೆ ಹೇಳುತ್ತೇನೆ. ಖಾಲಿ ಕಂಡ ಗರ್ಭಕೋಶವನ್ನು ಎಸೆಯಬೇಡಿ, ಅಮೋನಿಯಂ ಸಲ್ಫೈಡ್ ದ್ರಾವಣದಲ್ಲಿ ಅದ್ದಿ ನೋಡಿ. ಭ್ರೂಣ ಅಂಟಿ, ಬೇಗನೆ ಕರಗಿಹೋಗಿದ್ದರೆ ಆ ಜಾಗ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಒಂದು ಚುಕ್ಕೆ ಕಂಡರೂ ಆ ಇಲಿ ಬಸಿರಾಗಿತ್ತು ಅಂತಲೇ ಬರೆಯಬೇಕು.