ಬಾಂಡ್ ಪೇಪರಿಗೆ ಸಹಿ ಬಿದ್ದ ಮೇಲೂ ಪರಿಹಾರ ತೆಗೆಸಿದ್ದು: ನನ್ನ ಅನುಭವ

ನಲವತ್ತು ಸಾವಿರ ಕೈಗಿಟ್ಟು, ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂದು ಬಾಂಡ್ ಪೇಪರ್ ಮೇಲೆ ಗಾಯಗೊಂಡ ಕೆಲಸದ ಹುಡುಗನಿಂದ ಮಾಲೀಕರು ಸಹಿ ಹಾಕಿಸಿಕೊಂಡಿದ್ದರು. ಪೀಣ್ಯ ಕಡೆಯ ಚಿಕ್ಕ ಶೆಡ್ಡು, ಏಳೆಂಟು ಜನ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. ತಗಡು ಒತ್ತುವ ಪವರ್ ಪ್ರೆಸ್‌ಗೆ ಅವನ ಬಲಗೈಯ ಮೂರು ಬೆರಳು ಹೋಗಿದ್ದವು. "ಸಹಿ ಹಾಕಿಬಿಟ್ಟಿದ್ದಾನೆ, ಸುಮ್ನೆ ಓಡಾಡಬೇಡ" ಎಂದು ನಮ್ಮ ಯೂನಿಯನ್‌ನ ಹಳಬರೇ ನಕ್ಕರು. ನಾನು 1923ರ ನೌಕರರ ಪರಿಹಾರ ಕಾಯ್ದೆಯ (2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದದ್ದು) 17ನೇ ಕಲಂ ಹಿಡಿದು ಕೂತೆ. ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದ ಅಲ್ಲಿ ನಡೆಯುವುದಿಲ್ಲ. ಪರಿಹಾರದ ಕೇಸು ನೋಡುವ ಕಮಿಷನರ್ ಹತ್ತಿರ ಆ ಬಾಂಡ್ ನೋಂದಣಿಯೂ ಆಗಿರಲಿಲ್ಲ.

ಕಲಂ ಗೊತ್ತಿದ್ದ ಮಾತ್ರಕ್ಕೆ ದುಡ್ಡು ಬರುತ್ತಾ? ಈ ಮೊದಲು ನಮ್ಮ ಕೆಲವು ಕೇಸು ಬಿದ್ದುಹೋದದ್ದು ಆಸ್ಪತ್ರೆಯ ಚೀಟಿಯಿಂದ. ಸೂಪರ್‌ವೈಸರ್ ಜೊತೆಗೇ ಹೋಗಿ, ಮನೆಯ ಬಾಗಿಲಿಗೆ ಕೈ ಸಿಕ್ಕಿತು ಎಂದು ಬರೆಸಿಬಿಡುತ್ತಾನೆ. ಆಮೇಲೆ ಯಾರು ಸಾಕ್ಷಿ ಹೇಳಿದರೂ ಆ ಒಂದು ಸಾಲು ಕಿತ್ತುಹಾಕಲು ಆಗಲ್ಲ. ಅದಕ್ಕೇ ಹುಡುಗನ ಅಣ್ಣ ಫೋನ್ ಮಾಡಿದ ಕೂಡಲೇ ಹೇಳಿದೆ: ಎಂಎಲ್‌ಸಿ (ಪೊಲೀಸ್ ಕೇಸಿಗೆ ಬರುವ ಗಾಯ ಎಂದು ಆಸ್ಪತ್ರೆಯ ದಾಖಲೆ) ಮಾಡಿಸಿ, ಪ್ರೆಸ್ ಮೆಷಿನ್ ಎಂದು ಬರೆಯುವವರೆಗೆ ಅಲ್ಲಿಂದ ಕದಲಬೇಡಿ.

ಅಪಘಾತದ ದಿನ ಸಂಜೆಯೇ ಜೊತೆಗಾರನೊಬ್ಬನಿಂದ ಮೆಷಿನ್‌ಗಳ ಫೋಟೊ ತೆಗೆಸಿದೆ. ಆ ಒಂದು ಮೆಷಿನ್ ಮಾತ್ರ ತೆಗೆದಿದ್ದರೆ ನಮಗೇ ತಿರುಗುಬಾಣ. ಹುಡುಗನೇ ಬೇಕೆಂದು ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಜಾಲರಿ) ಬಿಚ್ಚಿದ ಎನ್ನುವುದು ಮಾಲೀಕರ ಮೊದಲ ಮಾತು, ಹಾಗೆ ಹೇಳಿ ಪರಿಹಾರ ತಪ್ಪಿಸಿಕೊಳ್ಳಲು ಕಾಯ್ದೆಯ 3ನೇ ಕಲಂನಲ್ಲಿ ಜಾಗವೂ ಇತ್ತು. ಸಾಲಿನ ನಾಲ್ಕೂ ಪ್ರೆಸ್ ತೆಗೆಸಿದೆ. ಒಂದಕ್ಕೂ ಗಾರ್ಡ್ ಇಲ್ಲ. ಎರಡು ದಿನ ಬಿಟ್ಟು ಹೋದರೆ ನಾಲ್ಕಕ್ಕೂ ಹೊಸ ಜಾಲರಿ. ಹಳದಿ ಪೇಂಟ್ ಇನ್ನೂ ಬೆರಳಿಗೆ ಅಂಟುತ್ತಿತ್ತು.

ಈಗ ದುಡ್ಡಿಗೆ ಬರೋಣ. ಹುಡುಗನಿಗೆ 28 ವರ್ಷ, ಆ ವಯಸ್ಸಿಗೆ ಕಾಯ್ದೆ ಕೊಟ್ಟಿದ್ದ ಫ್ಯಾಕ್ಟರ್ (ಗುಣಿಸುವ ಅಂಕಿ) 211.79. ಮೂರು ಬೆರಳು ಹೋದರೆ ದುಡಿಯುವ ಶಕ್ತಿಯ ನಷ್ಟ ಕಾಯ್ದೆಯ ಷೆಡ್ಯೂಲ್‌ನಲ್ಲಿ ಶೇ. 30. ಸಂಬಳ ಹದಿನಾರು ಸಾವಿರದ ಹತ್ತಿರ, ಆದರೆ ಆ ಕಾಯ್ದೆಯಲ್ಲಿ 2020ರಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 15,000ದವರೆಗೆ ಮಾತ್ರ. ಅದರ ಶೇ. 60 ತೆಗೆದು, ಫ್ಯಾಕ್ಟರ್‌ನಿಂದ ಗುಣಿಸಿ, ಬಂದದ್ದರಲ್ಲಿ ಶೇ. 30 ಹಿಡಿದರೆ ಐದು ಮುಕ್ಕಾಲು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಮಾಲೀಕರು ತಂದ ರಿಜಿಸ್ಟರ್‌ನಲ್ಲಿ ಸಂಬಳ ಒಂಬತ್ತು ಸಾವಿರ! ಅದನ್ನು ಒಪ್ಪಿದ್ದರೆ ಸುಮಾರು ಮೂರೂವರೆ ಲಕ್ಷಕ್ಕೆ ಮುಗಿಯುತ್ತಿತ್ತು. ನಮ್ಮನ್ನು ಉಳಿಸಿದ್ದು ಫೋನ್‌ಪೇ. ಪ್ರತಿ ತಿಂಗಳೂ ಸೂಪರ್‌ವೈಸರ್‌ನ ಸ್ವಂತ ನಂಬರಿನಿಂದ ಬರುತ್ತಿದ್ದ ದುಡ್ಡು ಪಾಸ್‌ಬುಕ್‌ನಲ್ಲಿ ಸಾಲಾಗಿ ಕೂತಿತ್ತು. ಆ ನಂಬರು ತನ್ನದೇ ಎಂದು ಅವನ ಬಾಯಿಂದಲೇ ಹೇಗೆ ಹೇಳಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮಾಲೀಕರೂ ಓದುತ್ತಾರಲ್ವಾ.

ನಮ್ಮ ಕೈಯಿಂದ ಹೋದದ್ದು ಹತ್ತು ಸಾವಿರದ ಆಸುಪಾಸು. ಅದರಲ್ಲಿ ಜಾಸ್ತಿ ಡಾಕ್ಟರನ್ನು ಸಾಕ್ಷಿಗೆ ಕರೆಸಿದ್ದಕ್ಕೇ.

ನಡುವೆ, ಇಂಥ ಅಪಘಾತವೇ ಆಗದಿರಲಿ ಎಂದು ಇನ್ನೊಂದು ಶೆಡ್ಡಿನಲ್ಲಿ ಎರಡು ಕೈಯ ಬಟನ್ ಹಾಕಿಸಿ ನೋಡಿದೆ. ಎರಡೂ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ವಾರದೊಳಗೆ ಹುಡುಗರು ಒಂದು ಬಟನ್‌ಗೆ ಬೆಂಕಿಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುತ್ತಿದ್ದರು. ಪೀಸ್ ರೇಟ್ (ಪೀಸಿಗಿಷ್ಟು ಎಂದು ಕೂಲಿ) ಇದ್ದಲ್ಲಿ ಇನ್ನೇನಾಗುತ್ತದೆ? ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ಒತ್ತಬೇಕು, ಪ್ರತಿ ಹೊಡೆತಕ್ಕೂ ಎರಡನ್ನೂ ಬಿಡಬೇಕು ಅನ್ನುವ ರಿಲೇ ಹಾಕಿಸಿದ ಮೇಲೆ ಕಡ್ಡಿಯ ಆಟ ನಿಂತಿತು. ಜೊತೆಗೆ ನನ್ನ ಮೇಲೆ ಬೈಗುಳವೂ ಬಂತು.

ಕೊನೆಗೆ ಪೂರ್ತಿ ಪರಿಹಾರ, ಶೇ. 12 ಬಡ್ಡಿ ಸೇರಿಸಿ ಏಳು ಲಕ್ಷ ದಾಟಿತು. ಕೊಟ್ಟಿದ್ದ ನಲವತ್ತು ಸಾವಿರ ಕಳೆದರು. ನಕ್ಕಿದ್ದ ಹಳಬರೇ ಈಗ ಅರ್ಜಿಯ ನಕಲು ಕೇಳುತ್ತಿದ್ದಾರೆ. ತಡ ಮಾಡಿದ್ದಕ್ಕೆ ಶೇ. 50ರವರೆಗೆ ದಂಡ ಹಾಕಬಹುದು, ಅದು ಮಾತ್ರ ಸಿಗಲಿಲ್ಲ. ದಂಡಕ್ಕೆ ಮೊದಲು ಮಾಲೀಕರಿಗೆ ಕಾರಣ ಹೇಳಲು ಅವಕಾಶ ಕೊಡಬೇಕು, ಆ ಹಂತಕ್ಕೇ ಕೇಸು ಹೋಗಲಿಲ್ಲ. ಈಗ ಕೈಯಲ್ಲಿರುವ ಹೆಬ್ಬೆರಳಿನ ಕೇಸಿನಲ್ಲಿ ಅದನ್ನು ಮೊದಲ ಅರ್ಜಿಯಲ್ಲೇ ಕೇಳಿದ್ದೇನೆ.